ಬಾಗಿಲಲ್ಲಿ ನಿಂತ ಮುಖ್ಯಸ್ಥ

ಕೋಯೆನ್ ಸಹೋದರರ ‘ಎ ಸೀರಿಯಸ್ ಮ್ಯಾನ್’ (2009) ಚಿತ್ರದಲ್ಲಿ ವಿಭಾಗದ ಮುಖ್ಯಸ್ಥ ಆರ್ಲೆನ್ ಫಿಂಕಲ್, ಭೌತಶಾಸ್ತ್ರದ ಮೇಷ್ಟ್ರು ಲ್ಯಾರಿ ಗೋಪ್ನಿಕ್‌ನ ಕೋಣೆಯ ಬಾಗಿಲಲ್ಲೇ ನಿಂತು, ಚಿಂತೆ ಮಾಡಬೇಡ ಎನ್ನುತ್ತಾನೆ. ಚಿಂತೆ ಶುರುವಾಗುವುದೇ ಆಗ. ಸಮಿತಿಗೆ ನಿನ್ನ ಮೇಲೆ ಮೂಗರ್ಜಿಗಳು ಬಂದಿವೆ, ಸಹಿ ಇಲ್ಲದ್ದರಿಂದ ಅವಕ್ಕೆ ಬೆಲೆ ಕೊಡುವುದಿಲ್ಲ, ಆದರೂ ಹೇಳಿಬಿಡೋಣ ಅನ್ನಿಸಿತು ಅಷ್ಟೆ. ಲ್ಯಾರಿಯ ಮುಖ ನೋಡಬೇಕು. ಬೈದಿದ್ದರೆ ತಿರುಗಿ ಮಾತಾಡಬಹುದಿತ್ತು. ಈ ಸಮಾಧಾನಕ್ಕೆ ಏನು ಹೇಳುವುದು?

ಕಾಲ 1967, ಊರು ಮಿನೆಸೋಟಾದ ಒಂದು ಬಡಾವಣೆ. ಲ್ಯಾರಿ ಟೆನ್ಯೂರ್‌ಗೆ, ಅಂದರೆ ಕೆಲಸ ಕಾಯಂ ಆಗಲಿ ಎಂದು, ಕಾಯುತ್ತಿದ್ದಾನೆ; ಅದನ್ನು ತೀರ್ಮಾನಿಸುವುದು ಆ ಸಮಿತಿ. ನಮ್ಮ ಸರ್ಕಾರಿ ಕಾಲೇಜಿನಲ್ಲಿ ಪ್ರೊಬೇಷನ್ ಡಿಕ್ಲೇರ್ ಆಗುವುದೆಂದರೆ ಬಹುಮಟ್ಟಿಗೆ ಫೈಲು ಮೇಜಿನಿಂದ ಮೇಜಿಗೆ ಸರಿಯುವ ಕೆಲಸ. ಅಲ್ಲಿ ಹಾಗಲ್ಲ. ಅಮೆರಿಕದ ಪ್ರಾಧ್ಯಾಪಕರ ಸಂಘ 1940ರಲ್ಲಿ ಕಾಲೇಜುಗಳ ಒಕ್ಕೂಟದೊಂದಿಗೆ ಒಪ್ಪಿಕೊಂಡ ಸೂತ್ರದಂತೆ ಪರೀಕ್ಷಾವಧಿ ಏಳು ವರ್ಷ ಮೀರಬಾರದು. ಆಮೇಲೆ ಒಂದೋ ನಿವೃತ್ತಿಯವರೆಗೆ ಭದ್ರತೆ, ಇಲ್ಲವೇ ಗಂಟುಮೂಟೆ. ದೊಡ್ಡವರಿಗೆ ಹಿಡಿಸದ ಮಾತಾಡಿದ ಮೇಷ್ಟ್ರಿಗೆ ರಕ್ಷಣೆ ಇರಲಿ ಎಂದು ಮಾಡಿದ ಏರ್ಪಾಡು ಅದು. ಆ ರಕ್ಷಣೆ ಸಿಗುವವರೆಗೆ ಮಾತ್ರ ಬಾಯಿ ಬಿಡುವಂತಿಲ್ಲ.

ಚಿತ್ರದ ಅತ್ಯಂತ ಹರಿತವಾದ ಕ್ಷಣ ಮಗನ ಬಾರ್ ಮಿಟ್ಸ್‌ವಾದಲ್ಲಿ, ಅಂದರೆ ಯಹೂದಿ ಹುಡುಗ ಪ್ರಾಯಕ್ಕೆ ಬಂದಾಗಿನ ಶಾಸ್ತ್ರದಲ್ಲಿ, ಬರುತ್ತದೆ. ಸತ್ತುಹೋದ ತನ್ನ ಪ್ರಿಯಕರ ಸೈ ಏಬಲ್‌ಮನ್‌ಗೆ ನಿನ್ನ ಮೇಲೆ ಎಷ್ಟು ಗೌರವವಿತ್ತು, ಸಮಿತಿಗೆ ಪತ್ರ ಕೂಡ ಬರೆದಿದ್ದ ಎಂದು ಹೆಂಡತಿ ಮೆತ್ತಗೆ ಹೇಳುತ್ತಾಳೆ. ಅವು ಎಂಥ ಪತ್ರಗಳೆಂದು ಅವಳಿಗೆ ಗೊತ್ತಿದ್ದಂತಿಲ್ಲ. ನಮಗೆ ಗೊತ್ತಾಗುತ್ತದೆ.

ನನ್ನ ತಕರಾರು ಇರುವುದು ಇದರ ಮುಂದೆ. ಮೂಗರ್ಜಿ, ವಿಚ್ಛೇದನ, ಎಕ್ಸ್‌ರೇ, ಕೊನೆಗೆ ಸುಂಟರಗಾಳಿ: ಎಲ್ಲವನ್ನೂ ದೇವರ ಒಗಟು ಎಂಬ ಒಂದೇ ಚೀಲಕ್ಕೆ ಚಿತ್ರ ತುಂಬುತ್ತದೆ. ಸುಂಟರಗಾಳಿಗೆ ಸಭೆ ಇಲ್ಲ, ನಡವಳಿ ಪುಸ್ತಕವಿಲ್ಲ. ಸಮಿತಿಗೆ ಎರಡೂ ಇವೆ. ಮುಚ್ಚಿದ ಬಾಗಿಲ ಹಿಂದೆ ಮನುಷ್ಯರು ಮಾಡುವುದನ್ನು ವಿಧಿಯೆಂದು ತೋರಿಸಿದರೆ ಆ ಮನುಷ್ಯರು ಸಲೀಸಾಗಿ ಪಾರಾಗುತ್ತಾರೆ. ಅದೇ ಕಾಲದಲ್ಲಿ, 1968ರಲ್ಲಿ, ಹಾರ್ವರ್ಡ್ ವಿಶ್ವವಿದ್ಯಾಲಯ ಖಗೋಳವಿಜ್ಞಾನಿ ಕಾರ್ಲ್ ಸೇಗನ್‌ಗೆ ಟೆನ್ಯೂರ್ ನಿರಾಕರಿಸಿತು. ನೊಬೆಲ್ ಪಡೆದ ರಸಾಯನವಿಜ್ಞಾನಿ ಹೆರಾಲ್ಡ್ ಯೂರಿ ಸೇಗನ್ ವಿರುದ್ಧ ಸಮಿತಿಗೆ ಪತ್ರ ಬರೆದಿದ್ದರು. ಮುಂದೆ ಅದೇ ಯೂರಿ, ಸೇಗನ್‌ರ 1977ರ ಪುಸ್ತಕ ಓದಿ, ಮೆಚ್ಚಿ, ಅವರಿಗೇ ಪತ್ರ ಬರೆದರು. ಇದರಲ್ಲಿ ಒಗಟೇನೂ ಇಲ್ಲ.

ಸೇಗನ್‌ಗೆ ಕಾರ್ನೆಲ್ ಸಿಕ್ಕಿತು. ಎಲ್ಲರಿಗೂ ಹಾಗೆ ಸಿಗುವುದಿಲ್ಲ. ನಿರಾಕರಣೆಯ ನಂತರ ಸಾಮಾನ್ಯವಾಗಿ ಇನ್ನೊಂದು ವರ್ಷ ಅದೇ ಕಾರಿಡಾರಿನಲ್ಲಿ, ಕೈ ಎತ್ತದ ಸಹೋದ್ಯೋಗಿಗಳ ನಡುವೆಯೇ ಪಾಠ ಮಾಡಬೇಕು. ಎಚ್-1ಬಿ ವೀಸಾದಲ್ಲಿ ಹೋದ ನಮ್ಮವರಿಗಂತೂ ಕೆಲಸದ ಹಿಂದೆಯೇ ದೇಶವೂ ಕೈಬಿಡುತ್ತದೆ. ನೌಕರಿ ಮುಗಿದ ಮೇಲೆ ಸಿಗುವುದು ಹೆಚ್ಚೆಂದರೆ 60 ದಿನ.

ಲ್ಯಾರಿಗೆ ಆ ವರ್ಷ ಬರುವುದಿಲ್ಲ. ಖುಷಿಯ ಸುದ್ದಿಯ ಸುಳಿವು ಕೊಟ್ಟು ಫಿಂಕಲ್ ಹೊರಟುಹೋಗುತ್ತಾನೆ. ಬಾಗಿಲ ಆ ದೃಶ್ಯಕ್ಕಾದರೂ ಚಿತ್ರ ನೋಡಿ. ಸುದ್ದಿ ಕೆಟ್ಟದ್ದಾಗಿದ್ದರೆ ಮರುದಿನ ಬೆಳಗ್ಗೆ ಲ್ಯಾರಿ ಕ್ಲಾಸಿಗೆ ಹೇಗೆ ಹೋಗುತ್ತಿದ್ದ ಎಂಬುದು ಇದರಲ್ಲಿ ಸಿಗುವುದಿಲ್ಲ.