ಎಳೆದರೆ ಬೆಳೆಯುವ ಮೆಟ್ಟಿಲು

ನಕ್ಷೆ ಬಿಡಿಸುವ ಸಾಫ್ಟ್‌ವೇರ್ ಆಟೋಕ್ಯಾಡ್‌ನ 2006ರ ಆವೃತ್ತಿಯಲ್ಲಿ ಡೈನಮಿಕ್ ಬ್ಲಾಕ್ (ಎಳೆದು ಅಳತೆ ಬದಲಿಸಬಹುದಾದ ಸಿದ್ಧ ಚಿತ್ರ) ಬಂದ ಮೇಲೆ ಮೆಟ್ಟಿಲನ್ನು ಪ್ರತಿ ಸಲವೂ ಗೆರೆಗೆರೆಯಾಗಿ ಎಳೆಯುವ ಕಾಟ ತಪ್ಪಿತು. ಗ್ರಿಪ್ ಹಿಡಿದು ಜಗ್ಗಿದರೆ ಹತ್ತು ಮೆಟ್ಟಿಲು ಹನ್ನೆರಡಾಗುತ್ತದೆ, ಮೂರಡಿಯ ಅಗಲ ನಾಲ್ಕಡಿಯಾಗುತ್ತದೆ. ವೈಟ್‌ಫೀಲ್ಡ್ ಸುತ್ತಮುತ್ತ 30×40 ಸೈಟಿನಲ್ಲಿ ಬಾಡಿಗೆ ಮನೆ, ಪಿಜಿ ಎಬ್ಬಿಸುವವರಿಗೆ ಪ್ಲಾನ್ ಹಾಕಿಕೊಡುವ ಸಣ್ಣ ಕಚೇರಿಗಳಿಗೆ ಇದರಿಂದ ಉಳಿಯುವ ಸಮಯ ಕಡಿಮೆಯೇನಲ್ಲ. ಆದರೆ ಒಂದೇ ಅಳತೆಯ ಮೆಟ್ಟಿಲನ್ನು ಸಾಲಾಗಿ ಪೇರಿಸುತ್ತ ಹೋಗುವ ಬ್ಲಾಕ್‌ಗೆ ಗುಣಾಕಾರ ಮಾತ್ರ ಗೊತ್ತು. ಮೆಟ್ಟಿಲಿಗೆ ಬೇಕಾದದ್ದು ಭಾಗಾಕಾರ.

ಮಹಡಿಯಿಂದ ಮಹಡಿಗೆ ಹತ್ತಡಿ ಇದ್ದರೆ ಆರಿಂಚಿನ ಇಪ್ಪತ್ತು ರೈಸರ್ (ಒಂದು ಮೆಟ್ಟಿಲಿನ ಏರಿಕೆ) ಸರಿಯಾಗಿ ಕೂರುತ್ತದೆ, ಹತ್ತೂವರೆಗೆ ಇಪ್ಪತ್ತೊಂದು. ತೊಲೆಯ ಆಳ ಹೆಚ್ಚಿಸಬೇಕಾಗಿ ಬಂದು ಎತ್ತರ ಹತ್ತಡಿ ಮೂರಿಂಚಾಯಿತು ಅನ್ನಿ. ಆರಿಂಚಿಗೆ ಕಟ್ಟುಬಿದ್ದ ಬ್ಲಾಕ್ ಇಪ್ಪತ್ತಕ್ಕೆ ನಿಂತು ಮೂರಿಂಚು ಬಾಕಿ ಉಳಿಸುತ್ತದೆ. ಡ್ರಾಫ್ಟ್ಸ್‌ಮನ್ ಅದನ್ನು ಕೊನೆಯ ಮೆಟ್ಟಿಲಿಗೆ ಸೇರಿಸಿದರೆ ಅದು ಒಂಬತ್ತಿಂಚು, ಅಂದರೆ ಸುಮಾರು 229 ಮಿ.ಮೀ. ವಾಸದ ಕಟ್ಟಡಕ್ಕೆ ರಾಷ್ಟ್ರೀಯ ಕಟ್ಟಡ ಸಂಹಿತೆ ಹಾಕಿದ ಗರಿಷ್ಠ ಮಿತಿ 190. ಮಾಡಬೇಕಿದ್ದದ್ದು ಇಷ್ಟೇ: 123 ಇಂಚನ್ನು ಇಪ್ಪತ್ತರಿಂದ ಭಾಗಿಸಿ ಎಲ್ಲ ರೈಸರನ್ನೂ ಸುಮಾರು 156 ಮಿ.ಮೀ. ಮಾಡುವುದು. ಹತ್ತುವ ಕಾಲು ಮೊದಲ ಎರಡು ಮೂರು ಮೆಟ್ಟಿಲಿನಲ್ಲೇ ಎತ್ತರವನ್ನು ಅಂದಾಜು ಮಾಡಿಕೊಂಡು ಮುಂದಕ್ಕೆ ಅದನ್ನೇ ನಂಬುತ್ತದೆ. ಅಮೆರಿಕದಲ್ಲಿ ಬಳಕೆಯಲ್ಲಿರುವ ಅಂತರರಾಷ್ಟ್ರೀಯ ಕಟ್ಟಡ ಸಂಹಿತೆ ಒಂದೇ ಸಾಲಿನ ರೈಸರ್‌ಗಳ ನಡುವೆ 9.5 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ ಒಪ್ಪದಿರುವುದು ಸುಮ್ಮನೆ ಅಲ್ಲ.

ಹಾಗಾದರೆ ಕಟ್ಟಡವನ್ನು ಮೂರು ಆಯಾಮದ ಮಾದರಿಯಾಗಿ ಕಟ್ಟುವ ಸಾಫ್ಟ್‌ವೇರ್ ರೆವಿಟ್ ಬಳಸಿ ಎನ್ನಬಹುದು. ಅದು ಲೆವೆಲ್‌ಗಳ ನಡುವಿನ ಎತ್ತರ ತೆಗೆದುಕೊಂಡು ಸಮನಾಗಿ ಹಂಚುತ್ತದೆ, ರೈಸರ್ ಮಿತಿ ಮೀರಿದರೆ ಎಚ್ಚರಿಸುತ್ತದೆ. ಆ ಮಟ್ಟಿಗೆ ಮೇಲು. ಆದರೆ ಲೆವೆಲ್ ಕೊಟ್ಟಿರುವುದು ಬರೀ ಸ್ಲ್ಯಾಬಿನದೋ, ಟೈಲ್ಸ್ ಹಾಕಿದ ನೆಲದ್ದೋ? ಕಾಂಕ್ರೀಟಿನಲ್ಲಿ ಇಪ್ಪತ್ತೂ ರೈಸರ್ 150 ಮಿ.ಮೀ. ಇರಲಿ, ನೆಲದ ಫಿನಿಶ್ 75, ಮೆಟ್ಟಿಲಿನ ಮೇಲೆ ಗಾರೆ, ಗ್ರಾನೈಟ್ ಸೇರಿ 40 ಇರಲಿ. ಕೆಲಸ ಮುಗಿದಾಗ ಕೆಳಗಿನ ಮೊದಲ ರೈಸರ್ 115ಕ್ಕೆ ಇಳಿದಿರುತ್ತದೆ, ಮೇಲಿನ ಕೊನೆಯದು 185ಕ್ಕೆ ಏರಿರುತ್ತದೆ. ಒಟ್ಟು ಅದೇ 3000, ನಕ್ಷೆಯಲ್ಲಿ ತಪ್ಪು ಹುಡುಕಿದರೂ ಸಿಗದು. ಫಿನಿಶ್‌ನ ದಪ್ಪವನ್ನು ಕೇಳದ ಹೊಂದಾಣಿಕೆ, ಯಾವ ಸಾಫ್ಟ್‌ವೇರಿನದಾದರೂ, ಅರ್ಧ ಹೊಂದಾಣಿಕೆ.

ಸೈಟಿನಲ್ಲಿ ಮೇಸ್ತ್ರಿ ಹೇಗೂ ಸರಿಮಾಡಿಕೊಳ್ಳುತ್ತಾನೆ ಎಂಬ ವಾದ ಇದಕ್ಕೆ ಸಿದ್ಧವಾಗಿರುತ್ತದೆ. ನಿಜ, ಒಳ್ಳೆಯ ಮೇಸ್ತ್ರಿ ಮಟ್ಟದ ಪೈಪು ಹಿಡಿದು ಎತ್ತರ ಅಳೆದು, ಫಿನಿಶ್ ಕಳೆದು, ಗೋಡೆಯ ಮೇಲೆ ಮೆಟ್ಟಿಲು ಗುರುತು ಹಾಕಿಕೊಂಡ ಮೇಲೆಯೇ ಸೆಂಟ್ರಿಂಗ್ ಕಟ್ಟಿಸುತ್ತಾನೆ. ಹಾಗಿದ್ದರೆ ಕಂಪ್ಯೂಟರಿಗಿಂತ ಅವನ ಕ್ರಮವೇ ಸರಿ ಎಂದಾಯಿತು. ಬ್ಲಾಕ್ ಮಾಡುವವರು ಅದನ್ನೇ ಅನುಸರಿಸಬಹುದಲ್ಲ. ಅಲ್ಲದೆ ಪೀಣ್ಯದ ಶೆಡ್‌ಗಳಲ್ಲಿ ಮೆಜನೈನ್‌ಗೆ ಹಾಕುವ ಕಬ್ಬಿಣದ ಮೆಟ್ಟಿಲಿಗೆ ಈ ಸಮಾಧಾನ ಸಲ್ಲದು. ಅಲ್ಲಿ ಚಾನೆಲ್ ಕತ್ತರಿಸಿ, ಚೆಕರ್ಡ್ ಪ್ಲೇಟ್ ವೆಲ್ಡ್ ಮಾಡಿ, ಇಡೀ ಮೆಟ್ಟಿಲನ್ನು ತಯಾರಿಸಿಯೇ ಶೆಡ್ಡಿಗೆ ಸಾಗಿಸುವುದುಂಟು. ಗಾರೆ ಹಚ್ಚಿ ಮುಚ್ಚುವ ಅವಕಾಶ ಅಲ್ಲಿಲ್ಲ.

ಸಣ್ಣ ಕಚೇರಿಗೆ ರೆವಿಟ್ ದುಬಾರಿ ಎಂಬ ಆಕ್ಷೇಪಣೆಯನ್ನು ಮಾತ್ರ ಒಪ್ಪಲೇಬೇಕು. ಆದರೆ ಪರಿಹಾರಕ್ಕೆ ರೆವಿಟ್ಟೇ ಬೇಕಿಲ್ಲ. ಎತ್ತರ, ಎರಡು ಫಿನಿಶ್‌ಗಳು, ರೈಸರ್ ಮಿತಿ ಈ ನಾಲ್ಕನ್ನು ಕೇಳಿ, ಭಾಗಿಸಿ, ರೈಸರ್‌ಗಿಂತ ಒಂದು ಕಡಿಮೆ ಟ್ರೆಡ್ (ಕಾಲಿಡುವ ಜಾಗ) ಹಾಕಿ ಸಾಲೊಂದನ್ನು ಬಿಡಿಸುವ ಕೆಲಸಕ್ಕೆ ಆಟೋಕ್ಯಾಡ್‌ನೊಳಗೇ ಓಡುವ ಚಿಕ್ಕದೊಂದು ಆಟೋಲಿಸ್ಪ್ ಪ್ರೋಗ್ರಾಂ ಸಾಕು. ಅಗ್ಗದ ಆಟೋಕ್ಯಾಡ್ ಎಲ್‌ಟಿಯಲ್ಲಿ ಅದಕ್ಕೆ ಅವಕಾಶವಿರಲಿಲ್ಲ. 2024ರ ಆವೃತ್ತಿಯಿಂದ ಅದೂ ಸಿಕ್ಕಿದೆ.