ಫೈನಲ್ ನೆನಪಿಲ್ಲದ ಆಟಗಾರನ ಆತ್ಮಕಥೆ

ಆಟಗಾರರ ಆತ್ಮಕಥೆಗಳಿಗೆ ಒಂದು ಗೊತ್ತಾದ ಜಾಡಿದೆ. ಕಷ್ಟದ ಬಾಲ್ಯ, ಕೈಹಿಡಿದು ನಡೆಸಿದ ಒಬ್ಬ ಕೋಚ್, ನಡುವೆ ಒಂದು ದೊಡ್ಡ ಗಾಯ, ಅದನ್ನು ಮೀರಿ ಬಂದು ಎತ್ತಿ ಹಿಡಿದ ಕಪ್. ಆ ಕೊನೆಯ ಪಂದ್ಯದ ಅಧ್ಯಾಯಕ್ಕಾಗಿಯೇ ಎಷ್ಟೋ ಓದುಗರು ಪುಸ್ತಕ ಕೊಳ್ಳುತ್ತಾರೆ. ಟಿವಿಯಲ್ಲಿ ಕಂಡದ್ದನ್ನು ಆಟಗಾರನ ಕಣ್ಣಿನಿಂದ ಇನ್ನೊಮ್ಮೆ ಕಾಣುವ ಆಸೆ ಅವರದು. ಇಂಗ್ಲೆಂಡಿನ ರಗ್ಬಿ ಆಟಗಾರ ಸ್ಟೀವ್ ಥಾಂಪ್ಸನ್ ಅವರ ‘ಅನ್‌ಫರ್ಗೆಟಬಲ್’ (2022) ಈ ಆಸೆಯನ್ನು ಪೂರೈಸಲಾರದು. 2003ರ ವಿಶ್ವಕಪ್ ಫೈನಲ್ ಆಡಿ ಗೆದ್ದ ಥಾಂಪ್ಸನ್ ಅವರಿಗೆ ಆ ಫೈನಲ್ ನೆನಪಿಲ್ಲ.

2020ರ ಡಿಸೆಂಬರಿನಲ್ಲಿ, 42ನೇ ವಯಸ್ಸಿನಲ್ಲಿ, ತಮಗೆ ಡಿಮೆನ್ಷಿಯಾ ಇರುವುದು ಪತ್ತೆಯಾಗಿದೆಯೆಂದು ಅವರು ಬಹಿರಂಗವಾಗಿ ಹೇಳಿದರು. ತಲೆಗೆ ಮತ್ತೆ ಮತ್ತೆ ಪೆಟ್ಟು ಬಿದ್ದವರಲ್ಲಿ ಕಾಣುವ ಸಿಟಿಇ ಎಂಬ ಮೆದುಳಿನ ಕಾಯಿಲೆಯೂ ಇರಬಹುದೆಂಬುದು ವೈದ್ಯರ ಅಂದಾಜು. ಅಂದಾಜು ಏಕೆಂದರೆ, ಸತ್ತ ಮೇಲೆ ಮೆದುಳನ್ನು ಪರೀಕ್ಷಿಸಿದಾಗ ಮಾತ್ರ ಅದು ಖಚಿತವಾಗುತ್ತದೆ.

ಅವರು ಮರೆತದ್ದು ಏನೆಂಬುದನ್ನು ಮೊದಲು ನೋಡಬೇಕು. 2003ರ ನವೆಂಬರ್ 22, ಸಿಡ್ನಿ. ಎದುರಾಳಿ ಆಸ್ಟ್ರೇಲಿಯಾ. 80 ನಿಮಿಷ ಮುಗಿದಾಗ 14–14. ಹೆಚ್ಚುವರಿ ಅವಧಿಯೂ ಮುಗಿಯುತ್ತಾ ಬಂದಾಗ 17–17. ಚೆಂಡು ಗೆರೆಯಾಚೆ ಹೋಗಿ ಇಂಗ್ಲೆಂಡಿಗೆ ಲೈನ್‌ಔಟ್ ಸಿಕ್ಕಿತು. ಲೈನ್‌ಔಟ್ ಎಂದರೆ ಎರಡೂ ತಂಡದವರು ಸಾಲಾಗಿ ಎದುರುಬದುರು ನಿಂತಾಗ ಗೆರೆಯ ಹೊರಗಿನಿಂದ ಒಬ್ಬ ಚೆಂಡನ್ನು ಅವರ ತಲೆಯ ಮೇಲೆ ಎಸೆಯುವುದು. ಎಸೆಯುವವ ಸಾಮಾನ್ಯವಾಗಿ ಹುಕರ್, ಅಂದು ಥಾಂಪ್ಸನ್. ಸುರಕ್ಷಿತವಾಗಿ ಮುಂದಿನವನಿಗೆ ಎಸೆಯಬಹುದಿತ್ತು. ಅವರು ಸಾಲಿನ ತುದಿಯಲ್ಲಿದ್ದ ಲೂಯಿಸ್ ಮೂಡಿಗೆ ಎಸೆದರು. ಅಲ್ಲಿಂದ ಕೆಲವೇ ಕ್ಷಣಗಳಲ್ಲಿ ಚೆಂಡು ಜಾನಿ ವಿಲ್ಕಿನ್ಸನ್ ಕೈಸೇರಿತು. ಎಡಗಾಲಿನ ಆಟಗಾರನಾದ ವಿಲ್ಕಿನ್ಸನ್ ಬಲಗಾಲಿನಲ್ಲಿ ಒದ್ದ ಡ್ರಾಪ್ ಗೋಲ್ ಕಂಬಗಳ ನಡುವೆ ಹೋಯಿತು. 20–17. ಆ ಒದೆತ ರಗ್ಬಿ ನೋಡುವವರಿಗೆಲ್ಲ ಗೊತ್ತು. ಅದಕ್ಕೆ ಮೊದಲಿನ ಎಸೆತ ಬಲ್ಲವರಿಗೆ ಮಾತ್ರ ಗೊತ್ತು. ಎಸೆದವರಿಗೆ ಇಂದು ಅದೂ ಗೊತ್ತಿಲ್ಲ. ಹಳೆಯ ಪಂದ್ಯಗಳ ದೃಶ್ಯ ನೋಡಿದಾಗ ಮೈದಾನದಲ್ಲಿ ತಾನು ಕಾಣುತ್ತೇನೆ, ಆದರೆ ಅದು ತಾನೆನಿಸುವುದಿಲ್ಲ ಎಂಬ ಅರ್ಥದ ಮಾತನ್ನು ಅವರು ಸಂದರ್ಶನವೊಂದರಲ್ಲಿ ಆಡಿದ್ದಾರೆ.

ನಮ್ಮಲ್ಲಿ ಆತ್ಮಕಥೆಯೆಂದರೆ ನೆನಪು ಎಂಬುದು ಎಷ್ಟು ಗಟ್ಟಿಯಾಗಿದೆಯೆಂದರೆ ಕುವೆಂಪು ತಮ್ಮದಕ್ಕೆ ‘ನೆನಪಿನ ದೋಣಿಯಲ್ಲಿ’ ಎಂದೇ ಹೆಸರಿಟ್ಟರು. ಬರೆಯುವವರು ಸುಳ್ಳು ಹೇಳಬಹುದು, ಮರೆಮಾಚಬಹುದು ಎಂದು ನಾವು ಅನುಮಾನಿಸುತ್ತೇವೆ. ಆದರೆ ಅವರ ಬಳಿ ನಮಗಿಲ್ಲದ ಒಂದು ಗಂಟು ಇದ್ದೇ ಇದೆಯೆಂಬುದು ಓದಿನ ಒಪ್ಪಂದ. ಥಾಂಪ್ಸನ್ ಅವರಲ್ಲಿ ಆ ಒಪ್ಪಂದ ತಲೆಕೆಳಗಾಗುತ್ತದೆ. ಅವರ ಬದುಕಿನ ಅತ್ಯಂತ ಪ್ರಸಿದ್ಧವಾದ ಸಂಜೆಯ ಬಗ್ಗೆ ಹಳೆಯ ದೃಶ್ಯ ನೋಡಿದ ಯಾರೇ ಆದರೂ ಅವರಿಗಿಂತ ಹೆಚ್ಚು ಹೇಳಬಲ್ಲರು. ಪುಸ್ತಕದ ಹೆಸರನ್ನು ಈ ಬೆಳಕಿನಲ್ಲಿ ಓದಿ: ಮರೆಯಲಾಗದ್ದು. ಯಾರಿಗೆ? ನೋಡಿದವರಿಗೆ.

ಗೆಲುವಿನ ನೆನಪು ಹೋದ ಮೇಲೆ ಉಳಿಯುವುದು ದುಡಿಮೆಯ ಲೆಕ್ಕ. ನನ್ನ ಮಟ್ಟಿಗೆ ಈ ಕಥೆಯ ನಿಜವಾದ ಬೆಲೆ ಇರುವುದು ಅಲ್ಲಿಯೇ. ರಗ್ಬಿ ಯೂನಿಯನ್ ಅಧಿಕೃತವಾಗಿ ವೃತ್ತಿಪರ ಆಟವಾದದ್ದು 1995ರ ಆಗಸ್ಟಿನಲ್ಲಿ. ಸಂಬಳಕ್ಕೆ ಆಡುತ್ತಲೇ ಬೆಳೆದ ಮೊದಲ ಪೀಳಿಗೆಯವರಲ್ಲಿ ಥಾಂಪ್ಸನ್ ಒಬ್ಬರು. ಸಂಬಳ ಬಂದ ಮೇಲೆ ವಾರದ ಉಳಿದ ದಿನಗಳೂ ಕ್ಲಬ್ಬಿನವಾದವು. ಹುಕರ್ ನಿಲ್ಲುವುದು ಸ್ಕ್ರಮ್ಮಿನ ಮುಂದಿನ ಸಾಲಿನ ನಡುವೆ. ಎರಡೂ ತಂಡಗಳ ಎಂಟೆಂಟು ಜನ ತಲೆ ತಗ್ಗಿಸಿ ಒಬ್ಬರನ್ನೊಬ್ಬರು ತಳ್ಳುವ ಆ ಗುಂಪಿನಲ್ಲಿ ಒಂದೂವರೆ ಟನ್ನಿಗೂ ಮೀರಿದ ತೂಕ ಇರುತ್ತದೆ. ಹುಕರನ ಎರಡೂ ತೋಳು ಅಕ್ಕಪಕ್ಕದವರ ಹೆಗಲ ಮೇಲೆ. ಪೆಟ್ಟು ಬಂದರೆ ತಡೆಯಲು ಕೈ ಇಲ್ಲ. ಅವರ ಕಾಲದಲ್ಲಿ ಎರಡು ಸಾಲುಗಳು ದೂರದಿಂದ ಬಂದು ಡಿಕ್ಕಿ ಹೊಡೆಯುತ್ತಿದ್ದವು. ಮುಂದಿನ ಸಾಲಿನವರು ಮೊದಲು ಎದುರಾಳಿಯನ್ನು ಹಿಡಿದುಕೊಂಡು ಆಮೇಲೆ ತಳ್ಳಬೇಕೆಂಬ ನಿಯಮ ಬಂದದ್ದು 2013ರಲ್ಲಿ, ಅವರು ಆಟ ಬಿಟ್ಟ ಮೇಲೆ.

ಥಾಂಪ್ಸನ್ ಬೊಟ್ಟು ಮಾಡುವುದು ಪಂದ್ಯಗಳಿಗಿಂತ ಹೆಚ್ಚಾಗಿ ಅಭ್ಯಾಸದ ಕಡೆಗೆ; ಯಂತ್ರಕ್ಕೆ ತೂಕ ಹೇರಿ ಮತ್ತೆ ಮತ್ತೆ ಗುದ್ದಿಸಿದ ಸ್ಕ್ರಮ್ಮುಗಳ ಕಡೆಗೆ. ಪಂದ್ಯದ ಪ್ರತಿ ನಿಮಿಷಕ್ಕೂ ಕ್ಯಾಮೆರಾ ಇದೆ, ಅಂಕಿಯಿದೆ. ಅಭ್ಯಾಸದ ಬೆಳಗುಗಳನ್ನು ನೋಡಲು ಯಾರೂ ಟಿಕೆಟ್ ಕೊಂಡಿರಲಿಲ್ಲ. ಕ್ರೀಡಾಸಾಹಿತ್ಯ ಇಂಥ ಬೆಳಗುಗಳನ್ನು ‘ಕಠಿಣ ಪರಿಶ್ರಮ’ ಎಂಬ ಎರಡು ಪದದಲ್ಲಿ ಮುಗಿಸಿ ಕಪ್ಪಿನ ಕಡೆ ಓಡುತ್ತದೆ. ಇಲ್ಲಿ ಓಡಿಹೋಗಿ ತಲುಪಲು ಕಪ್ಪಿನ ನೆನಪೇ ಇಲ್ಲದ್ದರಿಂದ ಆ ಎರಡು ಪದಗಳ ಒಳಗೆ ಏನಿತ್ತೆಂದು ನಿಂತು ನೋಡಬೇಕಾಗುತ್ತದೆ.

ವೃತ್ತಿಯ ಉಳಿದ ವಿವರಗಳೂ ಹಾಗೆಯೇ ಬೇರೆ ಅರ್ಥ ಪಡೆಯುತ್ತವೆ. 2002ರಲ್ಲಿ ಇಂಗ್ಲೆಂಡ್ ತಂಡಕ್ಕೆ ಪ್ರವೇಶ. ಒಟ್ಟು 73 ಪಂದ್ಯ. 2007ರಲ್ಲಿ ಕುತ್ತಿಗೆಯ ಗಾಯದಿಂದ ನಿವೃತ್ತಿ. ಆಮೇಲೆ ಮನಸ್ಸು ಬದಲಿಸಿ ಫ್ರಾನ್ಸಿನ ಬ್ರೀವ್ ಕ್ಲಬ್ಬಿನಲ್ಲಿ ಮತ್ತೆ ಆಟ, ಮತ್ತೆ ದೇಶದ ತಂಡ, 2011ರ ವಿಶ್ವಕಪ್, ಅದೇ ವರ್ಷದ ಕೊನೆಗೆ ಅದೇ ಕುತ್ತಿಗೆಯಿಂದಾಗಿ ಎರಡನೆಯ ನಿವೃತ್ತಿ. ಹತ್ತು ವರ್ಷದ ಹಿಂದೆ ಇದನ್ನು ಓದಿದ್ದರೆ ಛಲದ ಮರಳುವಿಕೆ ಎನ್ನುತ್ತಿದ್ದೆವು. ಈಗ ಓದುವಾಗ, ಬೇಡವೆಂದು ದೇಹ ಹೇಳಿದ ಮೇಲೂ ಸ್ಕ್ರಮ್ಮಿಗೆ ತಲೆ ಕೊಟ್ಟ ವರ್ಷಗಳಾಗಿ ಕಾಣುತ್ತವೆ.

ನನ್ನ ತಕರಾರು ಇರುವುದು ಪುಸ್ತಕದ ಉಪಶೀರ್ಷಿಕೆಯ ಬಗ್ಗೆ. ಡಿಮೆನ್ಷಿಯಾವನ್ನು ಅದು ‘ಬದುಕಿನ ಹೋರಾಟ’ವೆನ್ನುತ್ತದೆ. ರೋಗವನ್ನು ಎದುರಾಳಿಯನ್ನಾಗಿಸಿದರೆ ಮಾರಾಟಕ್ಕೆ ಅನುಕೂಲ, ಓದುಗರಿಗೂ ಸಮಾಧಾನ. ಆದರೆ ನೋವು ನುಂಗು, ಎದ್ದು ನಿಲ್ಲು, ಹೋರಾಡು ಎಂಬ ಭಾಷೆ ಡ್ರೆಸ್ಸಿಂಗ್ ರೂಮಿನದು. ಪೆಟ್ಟು ತಿಂದವನನ್ನು ಮತ್ತೆ ಮೈದಾನಕ್ಕೆ ಕಳಿಸಿದ್ದೂ ಅದೇ ಭಾಷೆ. ಈ ಕಾಯಿಲೆಯಲ್ಲಿ ಗೆಲ್ಲುವ ಪಂದ್ಯವೇ ಇಲ್ಲ. ಕೆಲವೊಮ್ಮೆ ಹೆಂಡತಿಯ ಹೆಸರೂ ತೋಚದೆ ಹೋಗುತ್ತದೆ ಎಂದು ಹೇಳಿಕೊಂಡವರಿಗೆ ಬೇಕಾದದ್ದು ಹೋರಾಟಗಾರನ ಬಿರುದಲ್ಲ, ಆರೈಕೆ ಮತ್ತು ಉತ್ತರ.

ಆ ಉತ್ತರಕ್ಕಾಗಿಯೇ ಅವರು ಮತ್ತು ಇತರ ಮಾಜಿ ಆಟಗಾರರು ವರ್ಲ್ಡ್ ರಗ್ಬಿ, ಇಂಗ್ಲೆಂಡ್ ಹಾಗೂ ವೇಲ್ಸ್ ರಗ್ಬಿ ಸಂಸ್ಥೆಗಳ ವಿರುದ್ಧ ಕಾನೂನಿನ ದಾರಿ ಹಿಡಿದರು. ಅಲ್ಲಿ ಇನ್ನೊಂದು ವಿಪರ್ಯಾಸ ಎದುರಾಗುತ್ತದೆ. ತನಗಾದ ಹಾನಿಗೆ ಸಾಕ್ಷಿ ಹೇಳಬೇಕಾದವರು ನೆನಪು ಕಳೆದುಕೊಂಡವರು. ಸಾಕ್ಷ್ಯವನ್ನೇ ತಿಂದುಹಾಕಿದ್ದು ಆ ಹಾನಿ. ಹಾಗಾಗಿ ಇಂಥ ಆತ್ಮಕಥೆಯ ‘ನಾನು’ ಒಬ್ಬರೇ ಆಡುವ ಮಾತಲ್ಲ. ಜೊತೆಗಿದ್ದವರು ಹೇಳಿದ್ದು, ದೃಶ್ಯದಲ್ಲಿ ಉಳಿದದ್ದು, ವೈದ್ಯರು ಬರೆದದ್ದು ಎಲ್ಲ ಸೇರಿ ಆ ‘ನಾನು’ ಆಗಬೇಕು. ಇದನ್ನು ನಾನು ಪುಸ್ತಕದ ಕೊರತೆಯೆಂದು ಎಣಿಸುವುದಿಲ್ಲ. ಸ್ಕ್ರಮ್ಮಿನಲ್ಲಿ ಇಬ್ಬರ ಹೆಗಲ ಮೇಲೆ ತೋಳು ಹಾಕಿ ದುಡಿದವರ ಕಥೆ ಒಬ್ಬಂಟಿಯಾಗಿ ನಿಲ್ಲಬೇಕೆಂದು ಬಯಸುವುದೇ ತಪ್ಪು.

ಮತ್ತೆ ಅವಕಾಶ ಸಿಕ್ಕರೆ ಇದನ್ನೆಲ್ಲ ಮಾಡುತ್ತೀರಾ ಎಂಬುದಕ್ಕೆ ಥಾಂಪ್ಸನ್ ಇಲ್ಲವೆಂದಿದ್ದಾರೆ. ಸಾಮಾನ್ಯ ಬದುಕೇ ಸಾಕಿತ್ತು ಎಂದಿದ್ದಾರೆ. ವಿಶ್ವಕಪ್ ಗೆದ್ದವರ ಬಾಯಲ್ಲಿ ಈ ಮಾತು ಕೇಳಲು ನಾವು ತಯಾರಿರುವುದಿಲ್ಲ. ಎಲ್ಲ ನೋವಿಗೂ ಆ ಒಂದು ಸಂಜೆ ಬೆಲೆ ಕಟ್ಟಿತು ಎಂದು ಅವರು ಹೇಳಲಿ ಎಂಬುದು ನೋಡುಗರ ಆಸೆ, ಏಕೆಂದರೆ ಆ ಸಂಜೆ ಈಗ ಇರುವುದು ನಮ್ಮ ಬಳಿ ಮಾತ್ರ.