ತುಟಿಗೂ ಮಾತಿಗೂ ತಾಳ ತಪ್ಪದಂತೆ

ಟಿವಿ ವಾರ್ತೆಯಲ್ಲಿ ಒಂದು ಕ್ಯಾಮೆರಾದಿಂದ ಇನ್ನೊಂದಕ್ಕೆ ದೃಶ್ಯ ಬದಲಾದರೂ ಚಿತ್ರ ಜಿಗಿಯುವುದಿಲ್ಲ, ಮಾತು ತುಟಿಗಿಂತ ಹಿಂದೆ ಬೀಳುವುದಿಲ್ಲ. ಐಪಿ ಜಾಲದ ಸ್ಟುಡಿಯೊಗಳಲ್ಲಿ ಈ ಅಚ್ಚುಕಟ್ಟನ್ನು ಕಾಯುವುದು ಪಿಟಿಪಿ ಎಂಬ ಸಮಯಪಾಲನಾ ವಿಧಾನ.

ಹಿಂದೆ ಪ್ರತಿ ಕ್ಯಾಮೆರಾಕ್ಕೂ, ತಾಳ ಹೊಂದಿಸುವ ‘ಬ್ಲ್ಯಾಕ್ ಬರ್ಸ್ಟ್’ ಸಂಕೇತಕ್ಕೆಂದೇ ಬೇರೆ ಕೇಬಲ್ ಎಳೆಯುತ್ತಿದ್ದರು. ಈಗ ಚಿತ್ರ, ಧ್ವನಿ ಹರಿಯುವ ಜಾಲದಲ್ಲೇ ಸಮಯವೂ ಹರಿಯಬಲ್ಲದು. ಜಿಪಿಎಸ್ ಉಪಗ್ರಹಗಳಿಂದ ಹೊತ್ತು ತಿಳಿದ ‘ಗ್ರ್ಯಾಂಡ್‌ಮಾಸ್ಟರ್’ ಗಡಿಯಾರ ಅದನ್ನು ಎಲ್ಲರಿಗೂ ಸಾರುತ್ತದೆ. ಕ್ಯಾಮೆರಾ ತಾನೂ ಒಂದು ಸಂದೇಶ ಕಳಿಸಿ, ಉತ್ತರ ಪಡೆದು, ಹೋಗಿಬರುವ ಒಟ್ಟು ವಿಳಂಬವನ್ನು ಎರಡರಿಂದ ಭಾಗಿಸಿ ತನ್ನ ಗಡಿಯಾರ ತಿದ್ದಿಕೊಳ್ಳುತ್ತದೆ. ದಟ್ಟಣೆಯಿಂದ ಒಂದೇ ದಿಕ್ಕಿನಲ್ಲಿ ತಡವಾದರೆ ಈ ಲೆಕ್ಕ ತಪ್ಪುತ್ತದೆ. ಅದಕ್ಕೇ ಬಲ್ಲ ಎಂಜಿನಿಯರುಗಳು ನಡುವಿನ ಸ್ವಿಚ್‌ಗಳಿಗೂ ಸಮಯಪಾಲನೆಯ ಹೊಣೆ ವಹಿಸುತ್ತಾರೆ.

2015ರ ಎಸ್‌ಎಂಪಿಟಿಇ ಸಂಸ್ಥೆಯ 2059 ಮಾನದಂಡದ ಗುರಿ ಕಟ್ಟುನಿಟ್ಟಿನದು: ಯಾವ ಎರಡು ಉಪಕರಣಗಳ ನಡುವೆಯೂ ಅಂತರ 1 ಮೈಕ್ರೊಸೆಕೆಂಡ್ ಮೀರಬಾರದು. ಮುಖ್ಯ ಗಡಿಯಾರ ಕೈಕೊಟ್ಟರೆ, ಸಿದ್ಧವಿರುವ ಉಳಿದ ಗಡಿಯಾರಗಳು ತಮ್ಮ ಗುಣಮಟ್ಟ ಹೋಲಿಸಿಕೊಂಡು, ಉತ್ತಮವಾದುದು ಆ ಸ್ಥಾನಕ್ಕೆ ಬರುತ್ತದೆ. ಪ್ರಸಾರ ನಿಲ್ಲದು. ಕೆಡುವ ಗಳಿಗೆಯನ್ನು ಮೊದಲೇ ಯೋಚಿಸಿಟ್ಟ ಈ ದೂರದೃಷ್ಟಿಯೇ ನನಗೆ ಈ ಕಸುಬಿನಲ್ಲಿ ಎಲ್ಲಕ್ಕಿಂತ ದೊಡ್ಡದಾಗಿ ಕಾಣುತ್ತದೆ.